ಮಂಜಿನಲ್ಲಿ ಒಂದೇ ಬೀದಿಯ ದನಿ

ಟಿವಿ ಹಾಕಿದರೆ ಯಾವುದೋ ದೂರದ ಪಟ್ಟಣದಲ್ಲಿ ಮಳೆ ಬಂದದ್ದು ಗೊತ್ತಾಗುತ್ತದೆ. ಯಾವುದೋ ದೇಶದ ಮಂತ್ರಿ ಮೆಟ್ಟಿಲಲ್ಲಿ ಜಾರಿ ಬಿದ್ದದ್ದೂ ಗೊತ್ತಾಗುತ್ತದೆ. ಆದರೆ ನಮ್ಮ ಬೀದಿಯ ನಲ್ಲಿಗೆ ಇವತ್ತು ನೀರು ಬರುತ್ತದೆಯೇ, ನಾಳೆ ಬೆಳಿಗ್ಗೆ ದೋಣಿ ಹೊರಡುತ್ತದೆಯೇ, ಅದನ್ನು ಮಾತ್ರ ಅದು ಹೇಳುವುದಿಲ್ಲ. ಪಾಪ, ಅದಕ್ಕೆ ನಮ್ಮ ಬೀದಿ ಎಲ್ಲಿದೆ ಎಂದೇ ತಿಳಿಯದು.

ಹೊಳೆಯೊಂದು ಸಮುದ್ರ ಸೇರುವ ಕಡೆ ಒಂದು ಪುಟ್ಟ ಊರಿತ್ತು. ಈ ದಡದಲ್ಲಿ ಮನೆಗಳು, ಅಂಗಡಿಗಳು, ದೋಣಿ ಕಟ್ಟುವ ಕಲ್ಲಿನ ಕಟ್ಟೆ. ಆ ದಡದಲ್ಲಿ ಇನ್ನಷ್ಟು ಮನೆಗಳು, ಒಂದು ದೊಡ್ಡ ಆಸ್ಪತ್ರೆ. ನಡುವೆ ಅಗಲವಾದ ನೀರು. ಆ ಊರಿಗೆ ತನ್ನದೇ ಒಂದು ರೇಡಿಯೋ ಇತ್ತು. ಬೇಕರಿಯ ಮೇಲಿನ ಕೋಣೆಯೇ ಅದರ ಮನೆ. ಬೇಕರಿಯಣ್ಣ ನಸುಕಿನಲ್ಲಿ ಬ್ರೆಡ್ಡನ್ನು ಒಲೆಗೆ ಹಾಕಿ, ಕೈ ಒರೆಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಮೈಕಿನ ಮುಂದೆ ಕೂತು, "ಎದ್ದಿರಾ? ನಾನಂತೂ ಎದ್ದೆ" ಎನ್ನುತ್ತಿದ್ದ. ಅಷ್ಟರಿಂದಲೇ ಊರಿನ ಬೆಳಗು ಶುರುವಾಗುತ್ತಿತ್ತು.

ಮೊದಲು ಒಂದು ಪ್ರಾರ್ಥನೆಯ ಪದ. ಆಮೇಲೆ ಊರಿನ ಸುದ್ದಿ. ಯಾರ ಮನೆಯ ಹಸು ತಪ್ಪಿಸಿಕೊಂಡಿದೆ, ಯಾವ ಬೀದಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಾರೆ, ಯಾವ ಕಂಬದ ದೀಪ ಕೆಟ್ಟಿದೆ. ಸಂಜೆ ಕತ್ತಲಾದ ಮೇಲೆ ನೀರಿನ ಸುದ್ದಿ. ನಾಳೆ ಗಾಳಿ ಹೇಗೆ, ಮಂಜು ಹೇಗೆ, ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ.

ಇದೆಲ್ಲ ಊರಿಗೆ ಇಷ್ಟ. ಒಬ್ಬಳಿಗೆ ಮಾತ್ರ ಇಷ್ಟವಿರಲಿಲ್ಲ. ಅವಳು ದೋಣಿಕಟ್ಟೆಯ ಬೀದಿಯ ಹೊಲಿಗೆಯಕ್ಕ.

ಹೊಲಿಗೆಯಕ್ಕನ ಗಂಡ ದೋಣಿಯವನು. ಹುಟ್ಟು ಹಾಕಿ ಜನರನ್ನು ದಡದಿಂದ ದಡಕ್ಕೆ ದಾಟಿಸುವುದು ಅವನ ಕೆಲಸ. ಮನೆಯಲ್ಲಿ ಮೂರನೆಯವರು ಅವನ ತಾಯಿ. ಆ ಮುದುಕಿಗೆ ರೇಡಿಯೋ ಎಂದರೆ ಪ್ರಾಣ. ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹಾಲಿನಲ್ಲಿ ಅದ್ದಿದಂತೆ ಕಾಣತೊಡಗಿದ ಮೇಲೆ, ಅವಳಿಗೆ ಊರು ಬರುತ್ತಿದ್ದುದು ಕಿವಿಯಿಂದಲೇ. ಬೆಳಗಿನ ಪದ ಬಂದೊಡನೆ ಹಾಸಿಗೆಯಲ್ಲೇ ಎದ್ದು ಕೂತು ಸಾಲಿನ ಮೊದಲ ಅರ್ಧವನ್ನು ರೇಡಿಯೋದ ಜೊತೆ ತಾನೂ ಹೇಳುವಳು. ಉಳಿದರ್ಧಕ್ಕೆ ಸುಮ್ಮನಾಗಿ ಕೇಳುವಳು. ಆ ಹೊತ್ತಿಗೆ ಸೊಸೆ ಹೊಲಿಗೆ ಯಂತ್ರದ ಮೇಲೆ ಕಾಲಾಡಿಸುತ್ತ, "ಶುರುವಾಯ್ತು ಅತ್ತೆಯ ಸಂಗೀತ" ಎಂದು ಗೊಣಗುವಳು.

ಈಗ ಅತ್ತೆ ಕಣ್ಣಿನ ಆಪರೇಷನ್ನಿಗೆಂದು ಆಚೆ ದಡದ ಆಸ್ಪತ್ರೆಗೆ ಹೋಗಿದ್ದಳು. ಅವಳ ಪುಟ್ಟ ರೇಡಿಯೋ ಮನೆಯಲ್ಲೇ ಉಳಿದಿತ್ತು. ಹೊಲಿಗೆಯಕ್ಕ ಅದನ್ನು ಹೊಲಿದು ಮಡಚಿಟ್ಟ ಅಂಗಿಗಳ ಮೇಲೆ ಇಟ್ಟಿದ್ದಳು. ಹಾಡು ಕೇಳುವುದಕ್ಕಲ್ಲ. ಮಡಿಕೆ ಕೆಡದಿರಲೆಂದು, ಭಾರಕ್ಕೆ.

ಆ ಸಂಜೆ ನರ್ಸಮ್ಮ ತನ್ನ ಬಿಳಿ ಕೋಟಿನ ಅಂಚು ಹೊಲಿಸಲು ಬಂದಳು. ಎದುರು ಮನೆಯ ನರ್ಸಮ್ಮನದು ಮಾತು ಕಡಿಮೆ ಎಂದು ಯಾರೂ ಹೇಳಿದವರಿಲ್ಲ. ವಾರಕ್ಕೊಮ್ಮೆ ರೇಡಿಯೋದಲ್ಲಿ ಬಾಣಂತಿಯರಿಗೆ, ಮಕ್ಕಳಿಗೆ, ಮುದುಕರಿಗೆ ಬುದ್ಧಿ ಹೇಳುವವಳೂ ಅವಳೇ.

"ಏನೇ ಇದು? ರೇಡಿಯೋನ ಕಲ್ಲು ಮಾಡಿಟ್ಟಿದೀಯಲ್ಲೇ!"

"ಕಲ್ಲಿಗಿಂತ ಒಳ್ಳೇದು ಅಕ್ಕ. ಅಂಚು ನಯವಾಗಿದೆ, ಬಟ್ಟೆ ಹರಿಯಲ್ಲ."

"ನಿಮ್ಮ ಅತ್ತೆ ನೋಡಿದ್ರೆ ಎದೆ ಒಡ್ಕೋತಾರೆ."

"ಅವರು ಬರೋವರೆಗೆ ನನ್ನ ಕಿವಿಗೆ ರಜ. ದಿನಾ ಬೆಳಿಗ್ಗೆ ಆ ಬೇಕರಿಯಣ್ಣನ ಕೆಮ್ಮು ಕೇಳಿ ಕೇಳಿ ನನಗೇ ಗಂಟಲು ಕೆರೀತಿತ್ತು. ಅದೇನು ರೇಡಿಯೋನಾ ಅಕ್ಕ? ಹಸು ಕಳೀತು, ಕೊಡೆ ಸಿಕ್ತು, ಅವರ ಅಜ್ಜಿಗೆ ಹುಷಾರಿಲ್ಲ. ಟಿವಿಲಿ ನೋಡಿ, ಎಷ್ಟು ಚೆಂದದ ಸೀರೆ ಉಟ್ಕೊಂಡು ಮಾತಾಡ್ತಾರೆ."

"ಆ ಸೀರೆಯವಳಿಗೆ ನಿನ್ನ ಮನೆ ಬಾಗಿಲು ಗೊತ್ತಾ?"

"ಗೊತ್ತಿಲ್ಲದೆ ಇರೋದೇ ಒಳ್ಳೇದು. ಬಂದ್ರೆ ಕೂರಿಸೋಕೆ ಜಾಗ ಎಲ್ಲಿದೆ?" ಹೊಲಿಗೆಯಕ್ಕ ನಕ್ಕು ದಾರ ಕಚ್ಚಿ ಕತ್ತರಿಸಿದಳು.

ನರ್ಸಮ್ಮನೂ ನಕ್ಕಳು. ಆದರೂ ಬಿಡಲಿಲ್ಲ. "ಎಷ್ಟು ಸಲ ಹೇಳಿದೀನಿ ನಿನಗೆ. ಒಂದಿನ ಬಾ, ಹೊಲಿಗೆ ವಿಚಾರ ಮಾತಾಡು. ಹರಿದ ಬಟ್ಟೆನ ಹೇಗೆ ಉಳಿಸ್ಕೊಬೇಕು ಅಂತ. ಎಷ್ಟು ಮನೆಗೆ ಉಪಕಾರ ಆಗುತ್ತೆ."

"ನಾನಾ? ರೇಡಿಯೋದಲ್ಲಾ? ನನ್ನ ಮಾತು ನಮ್ಮನೆಯವರೇ ಕೇಳಲ್ಲ, ಊರು ಕೇಳುತ್ತಾ?"

"ಅವರೆಲ್ಲಿ, ಕಾಣ್ತಿಲ್ಲ?"

"ಆಚೆ ದಡಕ್ಕೆ ಹೋದ್ರು. ಅತ್ತೆಗೆ ಪಟ್ಟಿ ಕಟ್ಟಿ ನಾಳೆ ಕಳಿಸ್ತಾರಂತೆ. ಇವರು ರಾತ್ರಿ ದೋಣಿಲೇ ಮಲಗಿ ನಸುಕಿಗೇ ಕರ್ಕೊಂಡು ಬರ್ತೀನಿ ಅಂದ್ರು."

"ಹಾಗಾದ್ರೆ ಇವತ್ತು ಎಂಟು ಗಂಟೆಗೆ ನೀರಿನ ಸುದ್ದಿ ಕೇಳು ಮಾರಾಯ್ತಿ. ನನಗೆ ಹೆರಿಗೆ ಕೇಸ್ ಇದೆ, ಕೇಳೋಕಾಗಲ್ಲ. ನಾಳೆ ಮಂಜು ಗಿಂಜು ಇದ್ರೆ ಆಸ್ಪತ್ರೆಗೆ ಒಂದು ಫೋನ್ ಮಾಡಿದ್ರಾಯ್ತು, ನಿಧಾನವಾಗಿ ಬನ್ನಿ ಅಂತ."

"ಆಗಲಿ ಆಗಲಿ" ಎಂದಳು ಹೊಲಿಗೆಯಕ್ಕ. ಎಂಟು ಗಂಟೆಗೆ ಟಿವಿಯಲ್ಲಿ ಧಾರಾವಾಹಿಯ ಮದುವೆ ನಡೆಯುತ್ತಿತ್ತು. ಹುಡುಗಿ ತಾಳಿಗೆ ಕೊರಳೊಡ್ಡಲು ಒಪ್ಪಲೇ ಇಲ್ಲ. ಹೊಲಿಗೆಯಕ್ಕ ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ ನೋಡುತ್ತ ಕೂತಳು. ಅಂಗಿಗಳ ಮೇಲೆ ಪುಟ್ಟ ರೇಡಿಯೋ ಬಾಯಿ ಮುಚ್ಚಿಕೊಂಡು ಮಲಗಿತ್ತು.

ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯೇ ಇರಲಿಲ್ಲ.

ಅಂಥ ಮಂಜು. ಯಾರೋ ಲೋಕವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ಇನ್ನೂ ತೆರೆಯುವ ಮನಸ್ಸಾಗದೆ ಇಟ್ಟಂತಿತ್ತು. ಎದುರು ಮನೆ ಇಲ್ಲ. ಕಂಬವಿಲ್ಲ. ತನ್ನ ಮನೆಯ ಮೆಟ್ಟಿಲೇ ಎರಡರ ಆಚೆಗೆ ಕಾಣದು. ನೀರು ಮಾತ್ರ ಎಲ್ಲೋ ಹತ್ತಿರದಲ್ಲಿ ಉಸಿರಾಡುತ್ತಿತ್ತು. ಹೊಲಿಗೆಯಕ್ಕ ಕೈ ಚಾಚಿದಳು. ಬೆರಳ ತುದಿಯೂ ಮಸುಕಾಯಿತು. ನಿದ್ದೆಯಿಂದ ಎದ್ದಿದ್ದೇನೋ, ಇನ್ನೊಂದು ನಿದ್ದೆಯೊಳಕ್ಕೆ ಬಂದಿದ್ದೇನೋ ಎಂದು ಅವಳಿಗೆ ತೋಚದಾಯಿತು.

ಆ ಬಿಳುಪಿನೊಳಗಿಂದ ಚಪ್ಪಲಿಯ ಸದ್ದು ಬಂತು. ಆಮೇಲೆ ನರ್ಸಮ್ಮ ಬಂದಳು.

"ಬಂದ್ರಾ?"

"ಯಾರು?"

"ನಿನ್ನ ಗಂಡ ಕಣೇ! ಅತ್ತೆ! ಆಸ್ಪತ್ರೆಯಿಂದ ಈಗ ಫೋನ್ ಬಂತು ನನಗೆ. ಮನೆ ಮುಟ್ಟಿದ್ರಾ ಅಂತ ಕೇಳ್ತಿದ್ರು. ಮಂಜು ಇಳಿಯೋ ಮೊದಲೇ ಹೊರಟ್ರಂತೆ. ಇಷ್ಟು ಹೊತ್ತಿಗೆ ಬಂದು ಟೀ ಕುಡೀತಾ ಇರಬೇಕಿತ್ತು. ನಿನ್ನೆ ನೀರಿನ ಸುದ್ದೀಲಿ ಏನು ಹೇಳಿದ್ರು?"

ಹೊಲಿಗೆಯಕ್ಕ ತಿರುಗಿ ಅಂಗಿಗಳ ಮೇಲಿನ ರೇಡಿಯೋವನ್ನು ನೋಡಿದಳು. ನರ್ಸಮ್ಮನಿಗೆ ಉತ್ತರ ತಿಳಿಯಿತು.

ಹೊಲಿಗೆಯಕ್ಕ ಒಳಗೆ ಓಡಿ ಗಂಡನ ಫೋನಿಗೆ ಕರೆ ಮಾಡಿದಳು. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಅವನ ಅಂಗಿಯ ಜೇಬು ಕುಣಿದಾಡಿ ಹಾಡತೊಡಗಿತು. ಒಮ್ಮೆ ಫೋನು ನೀರಿಗೆ ಬಿದ್ದ ಮೇಲೆ ಅವನು ಅದನ್ನು ದೋಣಿಗೆ ಒಯ್ಯುವುದನ್ನೇ ಬಿಟ್ಟಿದ್ದ.

ಇಬ್ಬರೂ ದೋಣಿಕಟ್ಟೆಗೆ ಓಡಿದರು. ಅಲ್ಲಿ ಆಗಲೇ ಬೀದಿಯವರು ಸೇರಿದ್ದರು. ಕೈಗಳನ್ನು ಬಾಯಿಗೆ ಹಿಡಿದು ಕೂಗುತ್ತಿದ್ದರು. ಕೂಗು ಮಂಜಿನೊಳಗೆ ಸ್ವಲ್ಪ ದೂರ ಹೋಗಿ ಹತ್ತಿಯಲ್ಲಿ ಹೂತಂತೆ ಅಡಗುತ್ತಿತ್ತು. ಬಲೆ ಹೆಣೆಯುವ ಮುದುಕ ಒಬ್ಬ ಕಟ್ಟೆಯ ಕಲ್ಲಿನ ಮೇಲೆ ಕೂತು ನೀರನ್ನು ನೋಡುತ್ತಿದ್ದ. ಅವನು ಮೆಲ್ಲಗೆ ಹೇಳಿದ:

"ಇಳಿತ ಶುರುವಾಯ್ತಮ್ಮ."

ಅದರ ಅರ್ಥ ಹೊಲಿಗೆಯಕ್ಕನಿಗೆ ಗೊತ್ತಿತ್ತು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೆಲ್ಲ ಸಮುದ್ರದತ್ತ ಎಳೆಯುತ್ತದೆ. ದಾರಿ ಕಾಣದೆ ನಡುನೀರಿನಲ್ಲಿ ಸುತ್ತುವ ದೋಣಿಯನ್ನೂ ಎಳೆಯುತ್ತದೆ. ಅಲ್ಲಿ ಲಂಗರು ಹಾಕೋಣವೆಂದರೆ ಹಗ್ಗ ತಳ ಮುಟ್ಟುವುದಿಲ್ಲ. ಹುಡುಕಲು ಇನ್ನೊಂದು ದೋಣಿ ಕಳಿಸಿದರೆ ಅದೂ ಕಳೆಯುತ್ತದೆ. ದೋಣಿಯಲ್ಲಿ ಒಬ್ಬನಿಗೆ ಮಂಜು, ಇನ್ನೊಬ್ಬಳಿಗೆ ಕಣ್ಣಿನ ಮೇಲೆ ಪಟ್ಟಿ.

"ನಮ್ಮ ಹತ್ತಾರು ಜನರ ಕೂಗು ಎಷ್ಟು ದೂರ ಹೋದೀತು?" ಎಂದಳು ನರ್ಸಮ್ಮ. "ಊರಿಗೆ ಊರೇ ಕೂಗಬೇಕು. ಬೇಕರಿಗೆ ಓಡು. ರೇಡಿಯೋದಲ್ಲಿ ಕರಿ."

"ಅವರ ಹತ್ರ ರೇಡಿಯೋ ಎಲ್ಲಿದೆ ಅಕ್ಕ ದೋಣಿಲಿ?"

"ಅವರ ಹತ್ರ ಇಲ್ಲ. ಊರಿನವರ ಹತ್ರ ಇದೆಯಲ್ಲ! ಎಲ್ರೂ ಪೆಟ್ಟಿಗೆನ ಕಿಟಕೀಲಿಟ್ಟು ಜೋರಾಗಿ ಹಾಕಲಿ. ನಿನ್ನ ದನಿ ನೀರಿನ ಮೇಲೆ ಹೋಗುತ್ತೆ. ನಾನಿಲ್ಲೇ ಇರ್ತೀನಿ, ಅಲ್ಲಿಗೆ ಫೋನ್ ಹಚ್ಚಿ ಹಿಡ್ಕೊಂಡಿರ್ತೀನಿ. ಏನಾಗ್ತಿದೆ ಅಂತ ಹೇಳ್ತೀನಿ. ಹೋಗು ತಾಯಿ, ನಿಲ್ಲಬೇಡ."

ಗೋಡೆ ಹಿಡಿದು, ವಾಸನೆ ಹಿಡಿದು ಹೊಲಿಗೆಯಕ್ಕ ಓಡಿದಳು. ಹೌದು, ಮಂಜಿನಲ್ಲಿ ಬೇಕರಿಗೆ ದಾರಿ ತೋರಿಸಿದ್ದು ಬ್ರೆಡ್ಡಿನ ವಾಸನೆ. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ಕೋಣೆ ತೀರ ಚಿಕ್ಕದು. ಒಂದು ಮೇಜು, ಒಂದು ಮೈಕು, ಮಿಣುಕುವ ಹಸಿರು ದೀಪ. ದನಿ ಮಾರ್ದನಿಸದಿರಲೆಂದು ಗೋಡೆಯ ತುಂಬ ದಪ್ಪನೆಯ ಹೊದಿಕೆಗಳು. ತುಂಡು ಬಟ್ಟೆ ಸೇರಿಸಿ ಹೊಲಿದ ಹೊದಿಕೆಗಳು. ಅವಳು ಒಂದು ಗಳಿಗೆ ನಿಂತೇಬಿಟ್ಟಳು. ಆ ನೀಲಿ ಚೌಕ, ಆ ಕೆಂಪು ಅಂಚು, ಎಲ್ಲ ತನ್ನ ಕೈಯ ಹೊಲಿಗೆ. ಹಿಂದೊಮ್ಮೆ ಬೇಕರಿಯಣ್ಣ ಹೊಲಿಸಿಕೊಂಡು ಹೋಗಿದ್ದ. ಯಾರಿಗೆ ಎಂದು ಕೇಳಿದರೆ, "ಗೋಡೆಗೆ ಚಳಿಯಾಗುತ್ತಕ್ಕ" ಎಂದಿದ್ದ. ಅವಳು ತಮಾಷೆ ಎಂದುಕೊಂಡಿದ್ದಳು.

"ಅಣ್ಣ, ನಮ್ಮನೆಯವರು..." ಎಂದಳು.

"ನರ್ಸಮ್ಮ ಫೋನಲ್ಲಿ ಹೇಳಿದ್ರು. ಕೂತ್ಕೊಳ್ಳಿ." ಬೇಕರಿಯಣ್ಣ ಕುರ್ಚಿಯ ಮೇಲಿನ ಹಿಟ್ಟು ಕೊಡವಿ ಮೈಕಿನತ್ತ ಬಾಗಿದ. "ಕೇಳಿ ಎಲ್ರೂ. ನಮ್ಮ ದೋಣಿಯಣ್ಣ ತಾಯಿನ ಕರ್ಕೊಂಡು ಬರ್ತಾ ಮಂಜಲ್ಲಿ ದಾರಿ ತಪ್ಪಿದಾರೆ. ನಿಮ್ಮ ರೇಡಿಯೋನ ಕಿಟಕೀಲಿ ಇಡಿ. ಎಷ್ಟು ಜೋರಾಗುತ್ತೋ ಅಷ್ಟು ಜೋರು ಮಾಡಿ. ಅವರ ಮನೆಯವರು ಕರೀತಾರೆ."

ಮೈಕು ಅವಳ ಮುಂದೆ ಬಂತು. ಗಂಡನ ಹೆಸರು ಹಿಡಿದು ಕರೆದು ಅವಳಿಗೆ ಅಭ್ಯಾಸವಿಲ್ಲ. ಇನ್ನು ಏನೆಂದು ಕರೆಯುವುದು?

"ರೀ..." ಎಂದಳು. "ರೀ, ಕೇಳಿಸ್ತಾ ಇದೆಯಾ? ಈ ಕಡೆ ಬನ್ನಿ. ಅತ್ತೆ... ಈ ಕಡೆ..."

ಊರು ಕೇಳಿತು. ಕೇಳಿ ಸುಮ್ಮನಿರಲಿಲ್ಲ. ಒಳ್ಳೆಯ ಮನಸ್ಸಿನ ಊರು ಅದು. ದೋಣಿಕಟ್ಟೆಯ ಬೀದಿಯವರು ಕಿಟಕಿ ತೆರೆದರು. ಸಂತೆ ಬೀದಿಯವರೂ ತೆರೆದರು. ಸ್ಕೂಲಿನ ಮೈದಾನದಲ್ಲಿ ಲೌಡ್ ಸ್ಪೀಕರಿಗೇ ರೇಡಿಯೋ ಜೋಡಿಸಿದರು. ಹೊಳೆಯ ಮೇಲುಗಡೆಯ ಮರದ ಮಿಲ್ಲಿನವರೂ ಹಾಗೇ ಜೋಡಿಸಿದರು. ಆಚೆ ದಡದವರಿಗೂ ಇದೇ ರೇಡಿಯೋ ಕೇಳುತ್ತಿತ್ತಲ್ಲ, ಪಾಪ ಅವರು ಯಾಕೆ ಹಿಂದೆ ಬಿದ್ದಾರು? ಅವರೂ ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ಜಗುಲಿಗೆ ತಂದಿಟ್ಟರು.

ಮಂಜಿನ ನಾಲ್ಕೂ ದಿಕ್ಕಿನಿಂದ "ಈ ಕಡೆ ಬನ್ನಿ, ಈ ಕಡೆ ಬನ್ನಿ" ಎಂಬ ದನಿ ಎದ್ದಿತು.

ಮೇಜಿನ ಮೇಲಿನ ಫೋನಿನಲ್ಲಿ ನರ್ಸಮ್ಮ ಕೂಗಿದಳು: "ನಿನ್ನ ದನಿ ಚೆನ್ನಾಗಿ ಕೇಳ್ತಿದೆ ಕಣೇ! ಆದ್ರೆ... ತಡಿ. ಬಲದಿಂದಲೂ ಬರ್ತಿದೆ, ಎಡದಿಂದಲೂ ಬರ್ತಿದೆ. ನೀರಿನ ಆ ಕಡೆಯಿಂದಲೂ ಬರ್ತಿದೆ. ಹುಟ್ಟಿನ ಸದ್ದು ಒಂದು ಸಲ ಕೇಳ್ತು, ಹತ್ರ. ಈಗ ದೂರ ಹೋಯ್ತು."

ಬೇಕರಿಯಣ್ಣನ ಮುಖ ಅರಳಿತ್ತು. "ನೋಡಿದ್ರಾ ಅಕ್ಕ? ಊರೆಲ್ಲ ನಿಮ್ಮ ಜೊತೆ ಇದೆ."

ಹೊಲಿಗೆಯಕ್ಕ ತೆರೆದ ಕಿಟಕಿಯತ್ತ ಕಿವಿ ಕೊಟ್ಟಳು. ತನ್ನ ದನಿಯೇ ಹೊರಗೆ ಎಲ್ಲೆಲ್ಲೋ ಅಲೆದಾಡಿ ತಡವಾಗಿ ತನ್ನ ಬಳಿಗೆ ಮರಳಿ ಬರುತ್ತಿತ್ತು. ಅವಳಿಗೆ ತಟ್ಟನೆ ಹೊಳೆಯಿತು.

"ಅಣ್ಣ, ಊರೆಲ್ಲ ಒಟ್ಟಿಗೆ ಕರೆದ್ರೆ ಅವರು ಯಾವ ಕಡೆ ಬರಬೇಕು? ಎಲ್ಲ ಕಡೆಯಿಂದಲೂ ನಾನೇ ಕರೀತಿದ್ದೀನಲ್ಲ!"

ಬೇಕರಿಯಣ್ಣ ಕಿಟಕಿಗೆ ಬಂದು ತಾನೂ ಕಿವಿ ಕೊಟ್ಟ. ಅವಳು ಮುಂದುವರಿಸಿದಳು:

"ಒಂದು ಬೀದಿ ಸಾಕು. ದೋಣಿಕಟ್ಟೆ ಬೀದಿ ಒಂದು ಸಾಕು. ಉಳಿದೋರೆಲ್ಲ ಆರಿಸಬೇಕು."

"ರೇಡಿಯೋ ಆರಿಸಿ ಅಂತ ರೇಡಿಯೋದಲ್ಲೇ ಹೇಳೋದಾ?" ಅವನು ಮೈಕನ್ನು ನೋಡಿದ, ಅವಳನ್ನು ನೋಡಿದ. "ಹಾಕಿ ಹಾಕಿ ಅಂತ ಗೋಗರೆದೋನು ನಾನು. ನನ್ನ ಬಾಯಲ್ಲಿ ಬರಲ್ಲ ಅಕ್ಕ. ನೀವೇ ಹೇಳಿ."

ಹೇಳುವುದಕ್ಕೆ ಅವಳಿಗೆ ಈಗ ಸಂಕೋಚವಾಗಲಿಲ್ಲ. ಗೋಡೆಯ ಮೇಲಿನ ತನ್ನ ಹೊಲಿಗೆಯನ್ನು ನೋಡುತ್ತ ಹೇಳಿದಳು.

"ಅಕ್ಕಂದಿರೇ, ಅಣ್ಣಂದಿರೇ, ನಾನು ಹೊಲಿಗೆಯವಳು. ನಿಮ್ಮ ಉಪಕಾರ ದೊಡ್ಡದು. ಈಗ ಇನ್ನೊಂದು ಉಪಕಾರ ಮಾಡಿ. ದೋಣಿಕಟ್ಟೆ ಬೀದಿಯೋರು ಮಾತ್ರ ರೇಡಿಯೋ ಹಾಕ್ಕೊಂಡಿರಿ. ಇನ್ನೆಲ್ರೂ ಆರಿಸಿಬಿಡಿ. ಸಂತೆ ಬೀದಿಯೋರು, ಸ್ಕೂಲಿನೋರು, ಮಿಲ್ಲಿನೋರು, ಆಚೆ ದಡದೋರು, ದಯವಿಟ್ಟು ಆರಿಸಿ ಸುಮ್ಮನೆ ಕೂತ್ಕೊಳ್ಳಿ. ನಮ್ಮ ಬೀದಿ ಒಂದೇ ಮಾತಾಡಲಿ."

ಒಂದೊಂದೇ ಕಿಟಕಿ ಸುಮ್ಮನಾಯಿತು. ದೀಪಗಳು ಆರುವಂತೆ ದನಿಗಳು ಆರಿದವು. ಮೊದಲು ಮಿಲ್ಲು, ಆಮೇಲೆ ಸ್ಕೂಲು, ಆಮೇಲೆ ಸಂತೆ ಬೀದಿ. ಕೊನೆಗೆ ಆಚೆ ದಡ. ಆ ಊರಿನಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಜನರು ಬಾಗಿಲಲ್ಲಿ ನಿಂತು ಮಕ್ಕಳ ಬಾಯಿಯ ಮೇಲೆ ಕೈಯಿಟ್ಟರು. ಬಾವಿಯ ರಾಟೆ ನಿಂತಿತು. ಸೈಕಲಿನವನು ಬೆಲ್ಲು ಬಾರಿಸದೆ ಇಳಿದು ತಳ್ಳಿಕೊಂಡು ಹೋದ. ಒಂದು ಬೀದಿ ಮಾತಾಡಲೆಂದು ಒಂದು ಊರು ಉಸಿರು ಹಿಡಿಯಿತು.

"ಈಗ ಕರಿ" ಎಂದಳು ನರ್ಸಮ್ಮ ಫೋನಿನಲ್ಲಿ. "ಕರೀತಾನೇ ಇರು. ನಿಲ್ಲಿಸಬೇಡ."

ಎಷ್ಟು ಹೊತ್ತು "ಈ ಕಡೆ ಬನ್ನಿ" ಎನ್ನುವುದು? ಹೊಲಿಗೆಯಕ್ಕನ ಗಂಟಲು ಒಣಗಿತು. ಮಾತು ಮುಗಿಯಿತು. ಆಗ, ಅವಳು ಕೇಳದೆಯೇ, ಅವಳ ಬಾಯಿಗೆ ಆ ಬೆಳಗಿನ ಪದ ಬಂತು. ಯಂತ್ರದ ಸದ್ದಿನ ನಡುವೆ, ಗೊಣಗಾಟದ ನಡುವೆ, ದಿನದಿನವೂ ಕಿವಿಯ ಮೇಲೆ ಬಿದ್ದ ಪದ. ತನಗೆ ಬರುತ್ತದೆ ಎಂದು ತನಗೇ ಗೊತ್ತಿರಲಿಲ್ಲ. ಅತ್ತೆ ಹೇಳದೆ ಬಿಡುತ್ತಿದ್ದ ಉಳಿದರ್ಧವನ್ನು ತಾನು ದಿನಾ ಒಳಗೊಳಗೇ ಹೇಳುತ್ತಿದ್ದಳೋ ಏನೋ. ಭಗವಂತ ಯಾವ ಕಿವಿಯಲ್ಲಿ ಏನನ್ನು ಯಾವಾಗ ಬಿತ್ತಿಡುತ್ತಾನೋ ಬಲ್ಲವರಾರು?

*ಇರುಳು ಕವಿದರೆ ಏನು, ಮನೆಯು ಅಲ್ಲೇ ಇದೆ;*
*ಮರುಳೇ, ಅಂಜಲು ಬೇಡ, ದೀಪ ಇಲ್ಲೇ ಇದೆ.*

ದೋಣಿಕಟ್ಟೆಯ ಬೀದಿಯ ಕಿಟಕಿಗಳೆಲ್ಲ ಒಂದೇ ಬಾಯಾಗಿ ಅದನ್ನು ನೀರಿನ ಮೇಲೆ ಹಾಸಿದವು. ರಾಗ ಅಲ್ಲಲ್ಲಿ ತಪ್ಪುತ್ತಿತ್ತು. ಮುಂದಿನ ಸಾಲು ಶುರು ಮಾಡಿದಳು.

*ದಾರಿ ತಪ್ಪಿದ ಕಾಲೇ, ಕೊಂಚ ನಿಲ್ಲು ಇನ್ನು...*

ಅಲ್ಲಿಗೆ ಅವಳ ಉಸಿರು ಕಟ್ಟಿತು. ಉಳಿದರ್ಧ ನೆನಪಿತ್ತು. ಹೇಳಲು ಆಗಲಿಲ್ಲ. ಕಣ್ಣು ತುಂಬಿ ಮೈಕೂ ಮಂಜಾಯಿತು.

ಫೋನಿನಲ್ಲಿ ನರ್ಸಮ್ಮನ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಆ ಉಸಿರೂ ನಿಂತಿತು. ನರ್ಸಮ್ಮ ಫೋನನ್ನು ನೀರಿನತ್ತ ಚಾಚಿ ಹಿಡಿದಿದ್ದಳು. ಬಹು ದೂರದಿಂದ, ಬಿಳುಪಿನ ಆಚೆಯಿಂದ, ಸಣ್ಣಗೆ, ಮುದಿಯಾದ, ಆದರೆ ಒಂದಿಷ್ಟೂ ರಾಗ ತಪ್ಪದ ದನಿಯೊಂದು ಬಂತು:

*ಯಾರೋ ಕರೆವರು ಕೇಳು, ಕಿವಿಯೆ ಈಗ ಕಣ್ಣು.*

"ಅತ್ತೆ!" ಎಂದಳು ಹೊಲಿಗೆಯಕ್ಕ. ಊರಿನ ಒಂದು ಬೀದಿಯ ಕಿಟಕಿಗಳೆಲ್ಲ "ಅತ್ತೆ!" ಎಂದವು.

ಆಮೇಲೆ ಆದದ್ದು ಇಷ್ಟು. ಸೊಸೆ ಅರ್ಧ ಹೇಳಿದಳು, ಅತ್ತೆ ಅರ್ಧ ಹೇಳಿದಳು. ಪ್ರತಿ ಸಲವೂ ಆ ಅರ್ಧ ಹತ್ತಿರವಾಯಿತು. ಹುಟ್ಟಿನ ಸದ್ದು ಕೇಳಿತು. ಬಲೆ ಹೆಣೆಯುವ ಮುದುಕ ಎದ್ದು ನಿಂತು ಹಗ್ಗ ಎಸೆಯಲು ಅಣಿಯಾದ. ಮಂಜು ಒಂದು ಕಡೆ ಕಪ್ಪಾಯಿತು. ಆ ಕಪ್ಪು ದೋಣಿಯಾಯಿತು. ದೋಣಿಯ ಮುಂದಿನ ತುದಿಯಲ್ಲಿ, ಎರಡು ಕಣ್ಣಿಗೂ ಬಿಳಿ ಪಟ್ಟಿ ಕಟ್ಟಿಕೊಂಡ ಮುದುಕಿ ಕೂತು, ಬಲಗೈ ಚಾಚಿ ಮಗನಿಗೆ ದಾರಿ ತೋರಿಸುತ್ತಿದ್ದಳು.

ಹೊಲಿಗೆಯಕ್ಕ ಓಡಿ ಬರುವ ಹೊತ್ತಿಗೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಸೊಸೆಯ ಕೈ ಹಿಡಿದು ಮೊದಲು ಹೇಳಿದ್ದು:

"ಎರಡನೇ ಸಾಲಲ್ಲಿ ರಾಗ ಇಳಿಸಬೇಕಮ್ಮ. ನೀನು ಏರಿಸಿದೆ."

"ಆಗಲಿ ಅತ್ತೆ" ಎಂದು ಸೊಸೆ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು.

ದೋಣಿಯವನು ನೆನೆದ ಬಟ್ಟೆಯಲ್ಲಿ ನಡುಗುತ್ತ ನಿಂತಿದ್ದ. "ಮಂಜು ನನಗೆ ಹೊಸದಲ್ಲ ನರ್ಸಮ್ಮ" ಎಂದ. "ಆದ್ರೆ ಹೆಂಡತಿ ದನಿ ನಾಲ್ಕೂ ಕಡೆಯಿಂದ ಬಂತು ನೋಡಿ, ಆಗ ಕಂಗಾಲಾದೆ. ಮನೇಲಿ ದಿನಾ ಹಾಗೇ, ನೀರಲ್ಲೂ ಬಿಡಲ್ವಲ್ಲ ಅನ್ನಿಸ್ತು."

ಜನ ಗೊಳ್ಳೆಂದು ನಕ್ಕರು. ನಗು ನಿಂತ ಮೇಲೆ ಅವನು ತಲೆ ತಗ್ಗಿಸಿದ. "ಹುಟ್ಟು ಎತ್ತಿ ಸುಮ್ಮನೆ ಕೂತ್ಕೋ, ದೇವರು ಒಂದೇ ಕಡೆಯಿಂದ ಕರೆಯೋವರೆಗೆ ಕಾಯೋಣ ಅಂದ್ರು ಅಮ್ಮ. ನೀರು ನನಗೆ ಹೇಳುತ್ತೆ ಅಂತಿದ್ದೆ ನಾನು. ನೀರು ಏನೂ ಹೇಳ್ಲಿಲ್ಲ. ಊರು ಹೇಳ್ತು."

"ನಿನ್ನೆ ರಾತ್ರಿನೂ ಹೇಳಿತ್ತು" ಎಂದಳು ಹೊಲಿಗೆಯಕ್ಕ, ಕಣ್ಣೊರೆಸಿಕೊಳ್ಳುತ್ತ. "ಬೆಳಿಗ್ಗೆ ಮಂಜು ದಟ್ಟವಾಗಿರುತ್ತೆ, ಬಿಸಿಲೇರೋವರೆಗೆ ದೋಣಿ ಬಿಡಬೇಡಿ ಅಂತ. ಬೇಕರಿಯಣ್ಣ ಈಗ ಹೇಳಿದ್ರು. ನಾನು ಕೇಳಿದ್ರೆ ಒಂದು ಫೋನಲ್ಲಿ ಮುಗೀತಿತ್ತು. ಕೇಳಲಿಲ್ಲ. ಪೆಟ್ಟಿಗೆನ ಬಟ್ಟೆ ಮೇಲಿಟ್ಟಿದ್ದೆ."

"ಬಟ್ಟೆ ಮೇಲಾ?" ಎಂದಳು ಅತ್ತೆ. "ನನ್ನ ರೇಡಿಯೋನ?"

"ಮನೆಗೆ ಹೋಗಿ ಬೈಯ್ಯಿರಿ ಅತ್ತೆ. ಇಲ್ಲಿ ಮೈಕಿಲ್ಲ" ಎಂದಳು ಸೊಸೆ.

ಮಂಜು ಕರಗಿತು. ಬಿಸಿಲು ಬಂತು. ಊರು ತನ್ನ ಜಾಗದಲ್ಲಿ ಮತ್ತೆ ಕಾಣಿಸಿಕೊಂಡಿತು. ಮಧ್ಯಾಹ್ನ ಬೇಕರಿಯಣ್ಣನಿಗೆ ಫೋನು ಬಂತು, ಆಚೆ ದಡದಿಂದ. ಯಾರೋ ಅಜ್ಜ ಪಿಸುಮಾತಿನಲ್ಲಿ ಕೇಳುತ್ತಿದ್ದ: "ಅಪ್ಪಾ, ಈಗ ಹಾಕಬಹುದಾ? ನಾವಿನ್ನೂ ಸುಮ್ಮನೇ ಕೂತಿದೀವಿ." ದೋಣಿ ಬಂತೆಂದು ರೇಡಿಯೋದಲ್ಲಿ ಆಗಲೇ ಹತ್ತಾರು ಸಲ ಹೇಳಿಯಾಗಿತ್ತು. ಆರಿಸಿ ಕೂತವರಿಗೆ ಅದು ಕೇಳುವುದಾದರೂ ಹೇಗೆ? ಬೇಕರಿಯಣ್ಣ ಅಂದು ನಕ್ಕ ನಗು ಇನ್ನೂ ನಿಂತಿಲ್ಲ. ಅಂದಿನಿಂದ ಹೀಗೊಂದು ಏರ್ಪಾಟಾಗಿದೆ. ರೇಡಿಯೋ ಆರಿಸಿ ಎಂದರೆ, ಮತ್ತೆ ಹಾಕುವ ಹೊತ್ತಿಗೆ ಎರಡೂ ದಡದ ಸ್ಕೂಲಿನ ಗಂಟೆ ಬಾರಿಸುತ್ತಾರೆ.

ಈಗ ಹೊಲಿಗೆಯಕ್ಕನ ಮನೆಯಲ್ಲಿ ಅಂಗಿಗಳ ಮೇಲೆ ಒಂದು ಇಟ್ಟಿಗೆ ಇದೆ. ಅದಕ್ಕೆ ಅವಳು ಚೆಂದದ ಬಟ್ಟೆಯ ಕವಚ ಹೊಲಿದಿದ್ದಾಳೆ. ರೇಡಿಯೋ ಕಿಟಕಿಯಲ್ಲಿದೆ. ದೋಣಿಯಲ್ಲೂ ಇನ್ನೊಂದಿದೆ, ನೀರು ತಾಗದಂತೆ ಡಬ್ಬಿಯಲ್ಲಿ. ಅದರ ಪಕ್ಕದಲ್ಲೇ ಫೋನೂ ಇದೆ. ಸಂಜೆಯ ನೀರಿನ ಸುದ್ದಿ ಕೇಳದೆ ದೋಣಿಯವನು ಮರುದಿನದ ಮಾತು ಯಾರಿಗೂ ಕೊಡುವುದಿಲ್ಲ. ವಾರಕ್ಕೊಮ್ಮೆ ಹೊಲಿಗೆಯಕ್ಕ ಆ ಚಿಕ್ಕ ಕೋಣೆಯಲ್ಲಿ ಕೂತು, ಹರಿದದ್ದನ್ನು ಹೇಗೆ ಸೇರಿಸಬೇಕೆಂದು ಊರಿಗೆ ಹೇಳಿಕೊಡುತ್ತಾಳೆ. ರೇಡಿಯೋದಲ್ಲಿ ಬೆಳಗಿನ ಪದವನ್ನು ಈಗ ಇಬ್ಬರು ಹೇಳುತ್ತಾರೆ. ಅರ್ಧ ಅತ್ತೆ, ಅರ್ಧ ಸೊಸೆ. ಎರಡನೆಯ ಸಾಲಿನಲ್ಲಿ ರಾಗ ಈಗಲೂ ಒಮ್ಮೊಮ್ಮೆ ಏರುತ್ತದೆ. ಅತ್ತೆ ಕೆಮ್ಮಿ ಎಚ್ಚರಿಸುವುದೂ ಊರಿಗೆ ಕೇಳುತ್ತದೆ.

ಓದುತ್ತಿರುವ ಅಕ್ಕಾ, ಕೇಳುತ್ತಿರುವ ಅಣ್ಣಾ, ನಿಮ್ಮ ಊರಿಗೂ ಇಂಥ ಒಂದು ಚಿಕ್ಕ ಕೋಣೆ ಇರಬಹುದು. ರೇಡಿಯೋ ಇರಬಹುದು, ನಿಮ್ಮ ಬೀದಿಯವರೇ ನಡೆಸುವ ಪುಟ್ಟ ಟಿವಿ ಚಾನೆಲ್ ಇರಬಹುದು. ಅಲ್ಲಿ ಮಾತಾಡುವವರಿಗೆ ಕೆಮ್ಮು ಬರುತ್ತದೆ, ಸೀನು ಬರುತ್ತದೆ. ಆದರೆ ಅವರಿಗೆ ನಿಮ್ಮ ಮನೆ ಬಾಗಿಲು ಗೊತ್ತು. ಅದು ಯಾವ ನಂಬರಿನಲ್ಲಿ ಸಿಗುತ್ತದೆ, ಹವೆಯ ಸುದ್ದಿ, ನಲ್ಲಿಯ ಸುದ್ದಿ, ಲಸಿಕೆಯ ಸುದ್ದಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಕರೆಂಟು ಹೋದರೂ ಹಾಡುವಂಥ ಒಂದು ಪೆಟ್ಟಿಗೆಯನ್ನು ಸೆಲ್ಲು ಹಾಕಿ ಮನೆಯಲ್ಲಿಡಿ. ನಿಮ್ಮ ಬೀದಿಯ ಕಷ್ಟವನ್ನು ಅಲ್ಲಿಗೆ ಹೋಗಿ ಹೇಳಿ, ನಿಮಗೆ ಬರುವ ಕೆಲಸವನ್ನು ಅಲ್ಲಿ ಕೂತು ಹೇಳಿಕೊಡಿ. ನನ್ನ ಮಾತು ಯಾರು ಕೇಳುತ್ತಾರೆ ಎನ್ನಬೇಡಿ.

ಮಂಜು ಯಾರ ಮನೆಯ ಮುಂದೆ, ಯಾವ ಬೆಳಿಗ್ಗೆ ಇಳಿಯುತ್ತದೋ ನಮಗೆ ತಿಳಿಯದು. ಅಂದು ನಿಮ್ಮವರನ್ನು ಕರೆಯುವ ದನಿಗೆ ನಿಮ್ಮ ಕಿಟಕಿ ತೆರೆದಿರಲಿ.